ಉಲಿಗೆ ಇಳಿದ ಒಣಮೀನು

ನೈಜೀರಿಯಾದಿಂದ ಬೇರೆಯಾಗಲು ಹೊರಟ ಬಿಯಾಫ್ರಾದ ಯುದ್ಧದ ಹೊತ್ತಲ್ಲಿ ಕ್ಯಾಥೊಲಿಕ್, ಪ್ರಾಟೆಸ್ಟೆಂಟ್ ಚರ್ಚುಗಳು 'ಜಾಯಿಂಟ್ ಚರ್ಚ್ ಏಡ್' ಹೆಸರಲ್ಲಿ ಒಂದಾಗಿ, 1970ರ ಜನವರಿವರೆಗೂ ಪಶ್ಚಿಮ ಆಫ್ರಿಕಾ ಕರಾವಳಿಯಾಚೆಯ ಸಾವೊ ಟೋಮೆ ದ್ವೀಪದಿಂದ, ಹಸಿದವರಿಗೆ ಆಹಾರ ಹೊತ್ತು ರಾತ್ರಿ ವಿಮಾನ ಹಾರಿಸಿದವು. ಇಳಿಯುತ್ತಿದ್ದದ್ದು ಬಿಯಾಫ್ರಾದ ಉಲಿಯಲ್ಲಿ, ನಿಲ್ದಾಣವಲ್ಲ, ಅಗಲ ಮಾಡಿದ ಹೆದ್ದಾರಿ. ನೈಜೀರಿಯಾದ ಬಾಂಬರ್ ಭಯಕ್ಕೆ ವಿಮಾನ ಇಳಿಯುವಾಗಷ್ಟೇ ದೀಪ, ಆಮೇಲೆ ಮತ್ತೆ ಕತ್ತಲು. ಬೆಳಗಾಗುವುದರೊಳಗೆ ಮೂಟೆ ಇಳಿಸಿ ಹೊರಡಬೇಕು.

ಆ ಮೂಟೆಗಳ ಆಯ್ಕೆಯೇ ನಿಜವಾದ ಜಾಣತನ ಅನ್ಸುತ್ತೆ. ಮರಗೆಣಸಿನಿಂದ ಹೊಟ್ಟೆ ತುಂಬಿದರೂ ಪ್ರೋಟೀನ್ ಸಿಗದೆ ಮಕ್ಕಳಿಗೆ ಕ್ವಾಶಿಯೋರ್ಕರ್: ಕಾಲು ಬಾವು, ಕೂದಲು ಕೆಂಚು. ಅದಕ್ಕೇ ನಾರ್ವೆಯ ಒಣ ಕಾಡ್ ಮೀನು, ಹಾಲಿನ ಪುಡಿ, ಉಪ್ಪು. ಮೀನು ಹಗುರ, ಕೆಡಲ್ಲ, ಅಲ್ಲಿನವರಿಗೆ ಮೊದಲೇ ರುಚಿ ಗೊತ್ತು. ಚೆನ್ನಾಗಿ ನೆನೆಯದೆ ಬೇಯಲ್ಲ, ಅಷ್ಟೇ ತಕರಾರು. ಹಾಲಿನ ಪುಡಿ ಹಾಗಲ್ಲ. ಕೊಳಕು ನೀರಲ್ಲಿ ಕಲಸಿದರೆ ಭೇದಿ ಗ್ಯಾರಂಟಿ. ಪುಡಿ ಕೈಗೆ ಕೊಡುವ ಬದಲು ಶಿಬಿರದಲ್ಲೇ ನೀರು ಕುದಿಸಿ, ಕಲಸಿ, ಸ್ವಲ್ಪಸ್ವಲ್ಪವಾಗಿ ಕುಡಿಸಬೇಕು.