ಚೆಂಡು ಹಿಡಿಯೋದು, ಅಷ್ಟೇನಾ?

ಕ್ಯಾಲಿಫೋರ್ನಿಯಾದ ಸನಿವೇಲ್‌ನ ನಮ್ಮ ಮನೆಯ ಹಾಲ್‌ನಲ್ಲಿ, ದೇವರ ಗೂಡಿನ ಪಕ್ಕದ ಗೋಡೆಗೆ, ಒಂದು ಕೆಂಪು ಅಂಗಿಯನ್ನು ಗಾಜಿನ ಕಟ್ಟು ಹಾಕಿಸಿ ನೇತುಹಾಕಿದ್ದೇನೆ. ಅದರ ಮೇಲೆ ದೊಡ್ಡದಾಗಿ 80 ಅಂತ ಬರೆದಿದೆ. ಮನೆಗೆ ಬಂದ ಕನ್ನಡದವರು ಚಪ್ಪಲಿ ಬಿಟ್ಟು, ನೀರು ಕುಡಿದು, ಅದರ ಮುಂದೆ ನಿಂತು ‘ಯಾರದ್ರೀ ಇದು?’ ಅಂತಾರೆ. ಅಮೆರಿಕನ್ ಫುಟ್‌ಬಾಲ್ ಆಡುತ್ತಿದ್ದವನು, ಜೆರ್ರಿ ರೈಸ್ ಅಂತೀನಿ. ‘ಜೀರಾ ರೈಸಾ?’ ಅಂತ ನಗುತ್ತಾರೆ. ಈ ಜೋಕು ತಮಗೇ ಮೊದಲು ಹೊಳೆದದ್ದು ಅನ್ನುವ ಖುಷಿ ಮುಖದಲ್ಲಿ ಕಾಣುತ್ತದೆ, ಆದ್ದರಿಂದ ನಾನೂ ನಗುತ್ತೇನೆ. ಆಮೇಲೆ ಅಸಲಿ ಪ್ರಶ್ನೆ ಬರುತ್ತದೆ. ‘ಅಂದ್ರೆ ಇವನ ಕೆಲಸ ಚೆಂಡು ಹಿಡಿಯೋದು, ಅಷ್ಟೇನಾ? ಅದಕ್ಕೆ ಕೋಟಿಗಟ್ಟಲೆ ಕೊಡ್ತಾರಾ?’

ಇನ್ನು ಬಾಯಲ್ಲಿ ಹೇಳಲು ನನ್ನಿಂದಾಗದು. ಬರೆದು ಹಾಕಿದ್ದೇನೆ, ಮುಂದೆ ಬರುವವರಿಗೆ ಕಾಫಿ ಲೋಟದ ಜೊತೆ ಲಿಂಕ್ ಕೊಡುತ್ತೇನೆ.

ಮೈ ಉರಿಸುವುದು ಆ ‘ಅಷ್ಟೇನಾ’. ನಿಮ್ಮ ಕೆಲಸ ಕೀಬೋರ್ಡ್ ಕುಟ್ಟೋದು, ಅಷ್ಟೇನಾ ಅಂತ ನಾನು ಯಾರನ್ನೂ ಕೇಳಿದವನಲ್ಲ. ಇದೇ ಜನ ದ್ರಾವಿಡ್ ಟೆಸ್ಟ್‌ನಲ್ಲಿ ಹಿಡಿದ 210 ಕ್ಯಾಚ್ ಅಂದರೆ ಎದ್ದು ನಿಲ್ಲುತ್ತಾರೆ. ಸ್ಲಿಪ್‌ನಲ್ಲಿ ನಿಂತವನೂ ಚೆಂಡು ಹಿಡಿಯುವವನೇ ತಾನೇ ಮಾರಾಯ್ರೆ?

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದೊಂದು ಕಡೆ ಹನ್ನೊಂದು ಜನ. ಚೆಂಡು ಇರುವ ತಂಡ ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋಗಬೇಕು, ಹೋದರೆ ಮತ್ತೆ ನಾಲ್ಕು ಯತ್ನ. ನಡುವೆ ನಿಂತು ಚೆಂಡು ಎಸೆಯುವವನು ಕ್ವಾರ್ಟರ್‌ಬ್ಯಾಕ್. ಅಂಚಿನಲ್ಲಿ ನಿಂತು, ಓಡಿ, ಬೆನ್ನು ಹತ್ತಿದವರಿಂದ ತಪ್ಪಿಸಿಕೊಂಡು ಅದನ್ನು ಹಿಡಿಯುವವನು ವೈಡ್ ರಿಸೀವರ್. ಚೆಂಡು ಸುಲಿಯದ ತೆಂಗಿನಕಾಯಿಯ ಆಕಾರದ್ದು. ಕೈಲಿ ಆಡುವ ಆಟಕ್ಕೆ ಫುಟ್‌ಬಾಲ್ ಅಂತ ಯಾಕಂತಾರೆ ಎನ್ನುವವರು ಬೇರೆ ಯಾರನ್ನಾದರೂ ಕೇಳಿಕೊಳ್ಳಿ.

ಈ ಬರಹಕ್ಕೆ ನಿಜವಾದ ಕಾರಣ ನನ್ನ ಹೆಂಡತಿಯ ಸೋದರಮಾವ. ತುಮಕೂರಿನವರು. ಗಾರೆ ಕೆಲಸದ ಕೈಯಾಳಾಗಿ ಶುರುಮಾಡಿ, ಮೇಸ್ತ್ರಿಯಾಗಿ, ಆಮೇಲೆ ಮನೆ ಕಟ್ಟಿಸುವ ಕಂಟ್ರಾಕ್ಟರ್ ಆದವರು. 2024ರ ಫೆಬ್ರವರಿ 11ರ ಭಾನುವಾರ ಸೂಪರ್ ಬೌಲ್, ಅಂದರೆ ಈ ಆಟದ ಫೈನಲ್, ಇತ್ತು. ನಮ್ಮ ಸ್ಯಾನ್ ಫ್ರಾನ್ಸಿಸ್ಕೋ 49ಅರ್ಸ್ ಮತ್ತು ಕ್ಯಾನ್ಸಸ್ ಸಿಟಿ ಚೀಫ್ಸ್. ಹತ್ತು ಹನ್ನೆರಡು ಜನ ಸೇರಿದ್ದೆವು, ಮಂಡಕ್ಕಿ ಮಿರ್ಚಿ ನಡೆದಿತ್ತು. ಕೊನೆಯ ಕ್ವಾರ್ಟರ್‌ನಲ್ಲಿ ನಮ್ಮವರು ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ, ಅಂದರೆ ಟಚ್‌ಡೌನ್ ಹೊಡೆದು, 16-13 ಆಯಿತು. ಇನ್ನೊಂದು ಪಾಯಿಂಟ್‌ಗೆ ಚೆಂಡನ್ನು ಒದೆಯಬೇಕು. ಸರಿಯಾಗಿ ಆಗ ಮಾವ ಗೋಡೆಯ ಕಡೆ ಕೈ ತೋರಿಸಿ, ‘ಅಳಿಯಂದ್ರೇ, ಆ ಅಂಗಿಯೋನು ಚೆಂಡು ಹಿಡೀತಿದ್ದ, ಅಷ್ಟೇನಾ?’ ಅಂದರು. ಹೆಂಡತಿಯ ಮಾವ. ನೋಡದೆ ಉತ್ತರಿಸುವಂತಿಲ್ಲ. ತಿರುಗಿದೆ. ಹಿಂದೆ ‘ಅಯ್ಯೋ’ ಅಂತ ಹತ್ತು ಜನ ಕೂಗಿದರು. ಒದ್ದ ಚೆಂಡನ್ನು ಎದುರಾಳಿ ಕೈ ಅಡ್ಡಹಾಕಿ ತಡೆದಿದ್ದ. ಪಂದ್ಯ ಮುಗಿಯುವ ಹೊತ್ತಿಗೆ 19-19, ಹೆಚ್ಚುವರಿ ಸಮಯದಲ್ಲಿ 25-22ಕ್ಕೆ ಸೋತೆವು. ಆ ಒಂದು ಪಾಯಿಂಟನ್ನು ನಾನು ಇವತ್ತಿಗೂ ಮಾವನ ಲೆಕ್ಕಕ್ಕೇ ಬರೆದಿದ್ದೇನೆ. ಅವರಿಗೆ ಹೇಳಿಲ್ಲ.

ಸೋತ ಸಿಟ್ಟಿನಲ್ಲಿ ರಾತ್ರಿ ಊಟಕ್ಕೆ ಕೂತಾಗ ಇಡೀ ಕಥೆ ಒದರಿದೆ. ರೈಸ್ ಹುಟ್ಟಿದ್ದು 1962ರಲ್ಲಿ, ಬೆಳೆದದ್ದು ಮಿಸಿಸಿಪಿಯ ಕ್ರಾಫರ್ಡ್ ಅನ್ನುವ ಸಣ್ಣ ಊರಿನಲ್ಲಿ. ಅಪ್ಪ ಇಟ್ಟಿಗೆ ಕಟ್ಟುವ ಮೇಸ್ತ್ರಿ. ಬೇಸಿಗೆಯಲ್ಲಿ ಮಕ್ಕಳೇ ಕೈಯಾಳು. ಸಾರುವೆಯ ಮೇಲೆ ನಿಂತ ಹುಡುಗನಿಗೆ ಅಣ್ಣ ತಮ್ಮಂದಿರು ಕೆಳಗಿನಿಂದ ಇಟ್ಟಿಗೆ ಎಸೆಯುತ್ತಿದ್ದರು, ಅವನು ಹಿಡಿಯುತ್ತಿದ್ದ. ಕೈ ಪಳಗಿದ್ದು ಅಲ್ಲಿ. ಕಥೆಯ ಈ ಜಾಗದಲ್ಲಿ ಎಲ್ಲರೂ ‘ಓಹೋ’ ಅಂತಾರೆ. ಮಾವ ಅನ್ನಲಿಲ್ಲ.

‘ಇಟ್ಟಿಗೆ ಹಿಡಿಯೋದಾ? ನಮ್ಮ ಸೈಟಲ್ಲಿ ಹೆಣ್ಣಾಳುಗಳು ಹಿಡೀತಾರೆ, ಮಗೂನ ಅಲ್ಲೇ ಜೋಲಿಗೆ ಹಾಕಿ. ಅವ್ರಿಗ್ಯಾರು ಕೋಟಿ ಕೊಟ್ರು?’

ಇದಕ್ಕೆ ನನ್ನ ಬಳಿ ಉತ್ತರವಿಲ್ಲ. ನಿಮ್ಮ ಬಳಿ ಇದ್ದರೆ ಕೆಳಗೆ ಬರೆಯಿರಿ.

ಆದರೆ ಮಾವ ಅಲ್ಲಿಗೆ ಬಿಡಲಿಲ್ಲ. ಕೈ ತೊಳೆದು ಬಂದು ಸೋಫಾದ ದಿಂಬು ಎತ್ತಿ ನನ್ನ ಕಡೆ ಎಸೆದರು. ನಾನು ಎರಡೂ ಕೈ ಗಟ್ಟಿಯಾಗಿ ಮುಂದೆ ಚಾಚಿ ಹಿಡಿದೆ. ‘ಹೋಯ್ತು ನಿಮ್ಮ ಬೆರಳು,’ ಅಂದರು. ಇಟ್ಟಿಗೆಗೆ ಎದುರು ನಿಲ್ಲಬಾರದಂತೆ. ಅದು ಅಂಗೈಗೆ ತಾಗುವ ಹೊತ್ತಿಗೆ ಕೈ ಅದರ ಜೊತೆಯಲ್ಲೇ ಹಿಂದಕ್ಕೆ ಬರುತ್ತಿರಬೇಕಂತೆ, ಮಗುವನ್ನು ಇನ್ನೊಬ್ಬರಿಂದ ಎತ್ತಿಕೊಳ್ಳುವ ಹಾಗೆ. ಮತ್ತೆ ಎಸೆದರು. ಮತ್ತೆ. ಅರವತ್ತೆಂಟು ವರ್ಷದ ಮನುಷ್ಯ, ರಾತ್ರಿ ಹತ್ತೂವರೆಗೆ. ಇಪ್ಪತ್ತು ವರ್ಷ ಈ ಆಟ ನೋಡಿದ ನನಗೆ ಒಳ್ಳೆಯ ಕೈ ಅಂದರೇನು ಅಂತ ತಿಳಿದದ್ದು ಆ ದಿಂಬಿನಿಂದ.

ಉಳಿದ ಕಥೆ ಬೇಗ ಹೇಳುತ್ತೇನೆ. ಒಂದು ದಿನ ಹುಡುಗ ಕ್ಲಾಸಿಗೆ ಚಕ್ಕರ್ ಹೊಡೆದಿದ್ದ. ಉಪಪ್ರಾಂಶುಪಾಲರು ಹಿಂದಿನಿಂದ ಸದ್ದಿಲ್ಲದೆ ಬಂದರು, ಇವನು ಓಟ ಕಿತ್ತ. ಸಿಕ್ಕಿದ ಮೇಲೆ ಏಟೂ ಬಿತ್ತು, ಇವನ ಓಟದ ಸುದ್ದಿ ಫುಟ್‌ಬಾಲ್ ಕೋಚ್ ಕಿವಿಗೂ ಬಿತ್ತು. ದೊಡ್ಡ ಕಾಲೇಜುಗಳು ಕರೆಯಲಿಲ್ಲ. ಕರಿಯರ ಶಿಕ್ಷಣಕ್ಕೆಂದು ಕಟ್ಟಿದ ಮಿಸಿಸಿಪಿ ವ್ಯಾಲಿ ಸ್ಟೇಟ್‌ಗೆ ಹೋದ. ಅಲ್ಲಿ ಅವನ ಅಡ್ಡಹೆಸರು ‘ವರ್ಲ್ಡ್’, ಲೋಕದಲ್ಲಿ ಇವನು ಹಿಡಿಯದ ಚೆಂಡಿಲ್ಲ ಅಂತ. 49ಅರ್ಸ್‌ನ ಕೋಚ್ ಬಿಲ್ ವಾಲ್ಶ್ ಹೋಟೆಲ್ ಕೋಣೆಯ ಟಿವಿಯಲ್ಲಿ ಇವನ ಆಟದ ತುಣುಕು ನೋಡಿ ಮನಸ್ಸಿನಲ್ಲಿಟ್ಟುಕೊಂಡರು. 1985ರಲ್ಲಿ ಹೊಸಬರನ್ನು ಆರಿಸುವಾಗ 16ನೆಯವನಾಗಿ ತೆಗೆದುಕೊಂಡರು. ಅವನಿಗಿಂತ ಮೊದಲೇ ಇಬ್ಬರು ರಿಸೀವರ್‌ಗಳು ಬೇರೆ ತಂಡಗಳ ಪಾಲಾಗಿದ್ದರು. ಇವನು ಓಟದಲ್ಲಿ ಅಂಥ ವೇಗಿಯಲ್ಲ ಅನ್ನುವ ಮಾತಿತ್ತು.

ಮೊದಲ ವರ್ಷ ಚೆಂಡು ಬಿಟ್ಟ. ಒಂದೆರಡಲ್ಲ, ಮೇಲಿಂದ ಮೇಲೆ. ಸ್ವಂತ ಊರಿನ ಕ್ಯಾಂಡಲ್‌ಸ್ಟಿಕ್ ಸ್ಟೇಡಿಯಂನಲ್ಲೇ ಜನ ಹೂಯ್ ಅಂದರು. ಎರಡನೇ ಸೀಸನ್‌ನ ಕೊನೆಗೆ, 1987ರ ಜನವರಿಯಲ್ಲಿ, ನ್ಯೂಯಾರ್ಕ್ ಜೈಂಟ್ಸ್ ಮೇಲಿನ ನಾಕೌಟ್ ಪಂದ್ಯ. ಚೆಂಡು ಹಿಡಿದು ಓಡುತ್ತಿದ್ದಾನೆ, ಮುಂದೆ ಖಾಲಿ ಬಯಲು, ಮುಟ್ಟುವಷ್ಟು ಹತ್ತಿರ ಒಬ್ಬನೂ ಇಲ್ಲ. ಚೆಂಡು ತಾನಾಗಿ ಕೈಯಿಂದ ಜಾರಿತು. ಆ ಪಂದ್ಯ 49-3ಕ್ಕೆ ಸೋತರು. ಮುಂದಿನ ಸೀಸನ್‌ನಲ್ಲಿ ಆಟಗಾರರ ಮುಷ್ಕರದಿಂದ ಅವನಿಗೆ ಸಿಕ್ಕಿದ್ದು 12 ಪಂದ್ಯ, ಹಿಡಿದು ಗಳಿಸಿದ ಟಚ್‌ಡೌನ್ 22.

ಒಟ್ಟು ಲೆಕ್ಕ ಬೇಕೆನ್ನುವವರಿಗೆ: 303 ಪಂದ್ಯ, 1,549 ಕ್ಯಾಚ್, ಹಾಗೆ ಹಿಡಿದು ಮುಂದೆ ಸಾಗಿದ್ದು 22,895 ಗಜ. ಎರಡನೇ ಸ್ಥಾನದ ಲ್ಯಾರಿ ಫಿಟ್ಜ್‌ಜೆರಾಲ್ಡ್ 17,492 ಗಜಕ್ಕೆ ನಿಂತರು.

ಈಗ ಆ ಎರಡು ಅಂಕಿ ಹಿಡಿದು ನೀವೇ ಭಾಗಿಸಿ. 303 ಪಂದ್ಯಕ್ಕೆ 1,549 ಅಂದರೆ ಪಂದ್ಯಕ್ಕೆ ಐದು ಚಿಲ್ಲರೆ. ಒಂದು ತಂಡ ಪಂದ್ಯವೊಂದರಲ್ಲಿ ಸುಮಾರು ಅರವತ್ತು ಯತ್ನ ಮಾಡುತ್ತದೆ. ಲೋಕದಲ್ಲೇ ಅತಿ ಹೆಚ್ಚು ಚೆಂಡು ಹಿಡಿದವನ ಕೈಗೆ ಬಂದದ್ದು ಅದರಲ್ಲಿ ಐದು. ಮಿಕ್ಕ ಐವತ್ತೈದರಲ್ಲಿ ಅವನು ಏನು ಮಾಡುತ್ತಿದ್ದ ಅಂತ ಒಬ್ಬರಾದರೂ ಕೇಳಿದ್ದೀರಾ? ಅದನ್ನು ಕೇಳಿ, ಕಾಫಿ ಎರಡನೇ ಲೋಟ ನಾನೇ ತರುತ್ತೇನೆ.

ಓಡುತ್ತಿದ್ದ. ಚೆಂಡು ತನಗೇ ಬರುತ್ತದೆ ಎಂಬಂತೆ, ಪೂರಾ ಜೋರಿನಲ್ಲಿ. ವಾಲ್ಶ್ ಕಟ್ಟಿದ ಆಟದಲ್ಲಿ ಹೆಜ್ಜೆಗಳಿಗೂ ಲೆಕ್ಕ. ಇಷ್ಟು ಹೆಜ್ಜೆ ನೇರ, ಆಮೇಲೆ ಒಳಕ್ಕೆ ತಿರುವು. ಇವನು ತಿರುಗುವ ಮೊದಲೇ ಅತ್ತ ಚೆಂಡು ಕ್ವಾರ್ಟರ್‌ಬ್ಯಾಕ್‌ನ ಕೈ ಬಿಟ್ಟಿರುತ್ತದೆ, ಇವನಿನ್ನೂ ಇರದ ಜಾಗಕ್ಕೆ. ಕಾವಲಿನವನಿಗೆ ಎಲ್ಲ ಓಟವೂ ಒಂದೇ ಥರ ಕಾಣಬೇಕು. ಚೆಂಡು ಬಾರದ ದಿನ ಸೋಮಾರಿಯಾಗಿ ಓಡಿದರೆ, ಬರುವ ದಿನ ಅವನು ಎಚ್ಚೆತ್ತುಕೊಳ್ಳುತ್ತಾನೆ. ಹಾಗಾಗಿ ಆ ಐವತ್ತೈದರಲ್ಲಿ ಓಡಿದ್ದೆಲ್ಲ ಸುಳ್ಳು ಹೇಳುವ ಓಟ. ಮಿಕ್ಕಂತೆ, ಚೆಂಡು ಬೇರೆಯವನ ಕೈಲಿದ್ದರೆ ಇವನು ಅಡ್ಡ ನಿಂತು ಎದುರಾಳಿಯ ಎದೆಗೆ ಗುದ್ದಿ ದಾರಿ ಬಿಡಿಸಬೇಕು. ಟಿವಿಯವರು ಅದನ್ನು ತೋರಿಸುವುದಿಲ್ಲ, ಕ್ಯಾಮೆರಾ ಚೆಂಡಿನ ಹಿಂದೆ ಹೋಗುತ್ತದೆ. ಅಭ್ಯಾಸದಲ್ಲೂ ಅಷ್ಟೇ, ಎಂಟು ಗಜದ ಚೆಂಡು ಹಿಡಿದರೂ ಕೊನೆಯ ಗೆರೆ ಮುಟ್ಟುವ ತನಕ ಓಡುತ್ತಿದ್ದ, ಪ್ರತಿ ಸಲವೂ.

ಸೀಸನ್ ಇಲ್ಲದ ತಿಂಗಳುಗಳಲ್ಲಿ ಓಡುತ್ತಿದ್ದ ಗುಡ್ಡ ನಮ್ಮ ಮನೆಯಿಂದ ದೂರವೇನಿಲ್ಲ, ಸ್ಯಾನ್ ಕಾರ್ಲೋಸ್ ಬಳಿಯ ಎಡ್ಜ್‌ವುಡ್ ಪಾರ್ಕ್. ಎರಡೂವರೆ ಮೈಲಿ ಏರು. ಮುಂದಿನ ಶನಿವಾರ ಮಾವನನ್ನು ಅಲ್ಲಿಗೆ ಎಳೆದುಕೊಂಡು ಹೋದೆ. ಅರ್ಧಕ್ಕೆ ಒಂದು ಬಂಡೆಯ ಮೇಲೆ ಕೂತು, ಮಂಕಿ ಕ್ಯಾಪ್ ತೆಗೆದು ಬೆವರು ಒರೆಸಿಕೊಂಡು, ‘ಇದನ್ನ ಓಡಿ ಹತ್ತುತಿದ್ನಾ?’ ಅಂದರು. ಹೂಂ ಮಾವ. ‘ಎಷ್ಟು ವರ್ಷ ಆಡ್ದ?’ ಇಪ್ಪತ್ತು. ನಲವತ್ತನೇ ವಯಸ್ಸಿನ ಸೀಸನ್‌ನಲ್ಲಿ, ಓಕ್‌ಲೆಂಡ್ ತಂಡದಲ್ಲಿ, 92 ಚೆಂಡು ಹಿಡಿದಿದ್ದಾನೆ. 2006ರಲ್ಲಿ ಹಳೆಯ ತಂಡದವನಾಗಿಯೇ ನಿವೃತ್ತನಾಗಲಿ ಅಂತ 49ಅರ್ಸ್ ಒಂದು ಶಾಸ್ತ್ರದ ಕರಾರು ಮಾಡಿದರು, 19,85,806 ಡಾಲರ್ 49 ಸೆಂಟ್. ಸೇರಿದ ವರ್ಷ 1985, ಅಂಗಿಯ 80, ನಿವೃತ್ತಿಯ 06, ತಂಡದ 49. ಅದರಲ್ಲಿ ಒಂದು ಪೈಸೆಯೂ ಅವನ ಕೈಸೇರಲಿಲ್ಲ. ‘ಕಂಟ್ರಾಕ್ಟಂದ್ರೆ ಹಿಂಗೇ,’ ಅಂದರು ಮಾವ, ತುಂಬಾ ಅನುಭವದ ದನಿಯಲ್ಲಿ.

ಇಳಿಯುವಾಗ ನನ್ನ ಮೆಚ್ಚಿನ ಆಟ ಹೇಳಿದೆ. 1989ರ ಜನವರಿ 22, ಮಯಾಮಿ, ಸಿನ್ಸಿನಾಟಿ ಮೇಲಿನ ಸೂಪರ್ ಬೌಲ್. 16-13ಕ್ಕೆ ನಾವು ಹಿಂದೆ, ಮೂರು ನಿಮಿಷ ಚಿಲ್ಲರೆ ಬಾಕಿ, ದಾಟಬೇಕಾದದ್ದು 92 ಗಜ. ರೈಸ್ ಅವತ್ತು ಹನ್ನೊಂದು ಚೆಂಡು ಹಿಡಿದು 215 ಗಜ ಮಾಡಿದ್ದ, ಪಂದ್ಯಪುರುಷನೂ ಅವನೇ. ಕೊನೆಗೆ ಹತ್ತು ಗಜ ಉಳಿದಾಗ ರೈಸ್ ತನ್ನ ಜಾಗದಿಂದ ಹೊರಟು ಅಡ್ಡಕ್ಕೆ ಸರಿಯತೊಡಗಿದ. ಎದುರಾಳಿಗಳ ಕಣ್ಣು ಅವನ ಜೊತೆಗೇ ಸರಿಯಿತು. ನಮ್ಮ ಕ್ವಾರ್ಟರ್‌ಬ್ಯಾಕ್ ಜೋ ಮೊಂಟಾನಾ ಚೆಂಡು ಎಸೆದದ್ದು ನಡುವೆ ನುಗ್ಗಿದ ಜಾನ್ ಟೇಲರ್‌ಗೆ. ಇನ್ನು 34 ಸೆಕೆಂಡ್. 20-16. ಆ ಕೊನೆಯ ಆಟದಲ್ಲಿ ರೈಸ್ ಚೆಂಡನ್ನು ಮುಟ್ಟಲೇ ಇಲ್ಲ ಮಾವ, ಅಂದೆ.

ಮಾವ ಕಾರಿನ ಬಾಗಿಲಿನವರೆಗೂ ಯೋಚಿಸಿದರು.

‘ಮತ್ತೆ ಗೋಡೆಗೆ ಆ ಟೇಲರ್ ಅಂಗಿ ಯಾಕೆ ಹಾಕಿಲ್ಲ ಅಳಿಯಂದ್ರೇ?’

82 ನಂಬರ್. ಅವತ್ತಿನಿಂದ ಹುಡುಕುತ್ತಿದ್ದೇನೆ, ಸಿಕ್ಕಿದ್ದೆಲ್ಲ ಮಕ್ಕಳ ಸೈಜ್.