ಅಜ್ಜಿಯರ ಕೈಗೆ ಬ್ರಷ್ ಕೊಡುವಾಗ

ವೃದ್ಧಾಶ್ರಮದಲ್ಲಿ ಚಿತ್ರಕಲೆ ಕ್ಲಾಸ್ ಅಂದ ತಕ್ಷಣ ಮಕ್ಕಳ ಕಲರಿಂಗ್ ಬುಕ್ಕು, ಕ್ರೇಯಾನ್ ತಂದು ಕೊಡುವವರು ಜಾಸ್ತಿ. ನನಗೆ ಇದು ಸರಿ ಕಾಣುವುದಿಲ್ಲ. ಎಪ್ಪತ್ತು ವರ್ಷ ಬದುಕಿದವರ ಮುಂದೆ ಬಾತುಕೋಳಿ ಚಿತ್ರ ಇಟ್ಟು ಬಣ್ಣ ತುಂಬಿ ಅನ್ನೋದು ಅವಮಾನ ಅಲ್ವಾ?

ಅವರ ಕೈಗೆ ಗೊತ್ತಿರುವುದರಿಂದಲೇ ಶುರು ಮಾಡಬೇಕು. ನಮ್ಮ ಕ್ಲಾಸಿಗೆ ಬರುವ ಸಾಗರದ ಕಡೆಯ ಅಮ್ಮ ಒಬ್ಬರು ಪೆನ್ಸಿಲ್ ಮುಟ್ಟಲೂ ಒಪ್ಪಿರಲಿಲ್ಲ. ಅವರ ಕಡೆ ಮನೆ ಗೋಡೆಯ ಮೇಲೆ ಬರೆಯುವ ಹಸೆ ಚಿತ್ತಾರದ ಮಾತು ತೆಗೆದದ್ದೇ ತಡ, ಕೆಮ್ಮಣ್ಣು ಬಳಿದ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ ಅಂತ ಹೇಳುತ್ತಾ ಹೇಳುತ್ತಾ ಕಂದು ಕಾಗದದ ಮೇಲೆ ಬಿಳಿ ಗೆರೆ ಎಳೆದೇ ಬಿಟ್ಟರು. ಪಕ್ಕದವರಿಗೂ ಕಲಿಸಿದರು.

ವಯಸ್ಸಾದ ಮೇಲೂ ಶುರು ಮಾಡಬಹುದು. ಅಮೆರಿಕದ ಹೆಸರಾಂತ ಚಿತ್ರಕಲಾವಿದೆ ಗ್ರ್ಯಾಂಡ್‌ಮಾ ಮೋಸೆಸ್ ಕೀಲುನೋವಿನಿಂದ ಕಸೂತಿ ಹಾಕಲಾಗದೆ, 70 ದಾಟಿದ ಮೇಲೆ ಚಿತ್ರಕ್ಕೆ ಕೂತವರು. 1961ರಲ್ಲಿ ತೀರಿಕೊಂಡಾಗ ಅವರಿಗೆ 101 ವರ್ಷ.

ಕೈ ನಡುಗುವವರಿಗೆ ಬ್ರಷ್ ಹಿಡಿಗೆ ಸ್ಪಂಜ್ ಸುತ್ತಿ ದಪ್ಪ ಮಾಡಿ, ಕಾಗದವನ್ನು ಮೇಜಿಗೆ ಟೇಪ್ ಹಾಕಿ ಅಂಟಿಸಿ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ನೀಲಿ ನೇರಳೆ ಬೇರೆಬೇರೆಯಾಗಿ ಕಾಣುವುದು ಕಷ್ಟ. ಅದಕ್ಕೇ ಡಬ್ಬಿಯ ಮೇಲೆ ಬಣ್ಣದ ಹೆಸರನ್ನು ದೊಡ್ಡದಾಗಿ ಬರೆಯಿರಿ. ಮರೆವಿನ ಕಾಯಿಲೆ ಇರುವವರನ್ನು ‘ಇದೇನು ಬರೆದಿದ್ದೀರಿ?’ ಅಂತ ಕೇಳಬೇಡಿ. ‘ಈ ಕೆಂಪು ತುಂಬಾ ಚೆನ್ನಾಗಿದೆ’ ಅನ್ನಿ, ಮಾತು ಅವರೇ ಮುಂದುವರಿಸುತ್ತಾರೆ.

ಆಶ್ರಮ ನಡೆಸುವವರಲ್ಲಿ ಒಂದು ಕೋರಿಕೆ. ಊಟವಾದ ಮೇಲೆ ಕ್ಲಾಸ್ ಇಡಬೇಡಿ, ನಿದ್ದೆ ಎಳೆಯುತ್ತದೆ. ಬೆಳಗಿನ ತಿಂಡಿ ಆದಮೇಲೆ, ಕಿಟಕಿ ಬೆಳಕಿರುವ ಕೋಣೆ ಕೊಡಿ. ಬರೆದ ಚಿತ್ರಗಳನ್ನು ಅತಿಥಿಗಳು ಬಂದಾಗ ಮಾತ್ರ ಹೊರಗೆ ತೆಗೆಯದೆ, ಬರೆದವರ ಮಂಚದ ಪಕ್ಕದಲ್ಲೇ ತೂಗುಹಾಕಿ.