ರೆಡಿಂಗ್‌ನ ಮಕ್ಕಳ ಕೈಗೆ ನಾಲ್ಕು ಕವಡೆ

ಇಂಗ್ಲೆಂಡಿನಲ್ಲಿ 2014ರಿಂದ 5 ವರ್ಷದ ಮಕ್ಕಳ ಪಠ್ಯದಲ್ಲೂ ಕೋಡಿಂಗ್ ಇದೆ. ಅಷ್ಟು ಚಿಕ್ಕವರಿಗೆ ಯಾಕಪ್ಪಾ ಇದೆಲ್ಲ ಅಂತ ಮೈಸೂರಿನಿಂದ ಅಮ್ಮ ಕೇಳುತ್ತಿರುತ್ತಾರೆ. ಈ ಸಲ ಅವರೇ ಕೊಟ್ಟ ಕವಡೆಗಳ ಕಥೆ ಹೇಳಿದೆ.

ಇಲ್ಲಿ ರೆಡಿಂಗ್‌ನಲ್ಲಿ ವಾರಕ್ಕೊಮ್ಮೆ, ಶಾಲೆ ಬಿಟ್ಟ ಮೇಲೆ, 9-10 ವರ್ಷದ ಮಕ್ಕಳ ಜೊತೆ ಕೂತು ಆಟಗಳನ್ನು ಕಟ್ಟುತ್ತೇನೆ. ನಾವು ಬಳಸುವುದು ಮೈಕ್ರೋಬಿಟ್. 2016ರಲ್ಲಿ ಬಿಬಿಸಿ ಇಲ್ಲಿನ ಶಾಲಾ ಮಕ್ಕಳಿಗೆ ಪುಕ್ಕಟೆ ಹಂಚಿದ ಪುಟ್ಟ ಕಂಪ್ಯೂಟರ್ ಬೋರ್ಡು. ಹೆಚ್ಚುಕಡಿಮೆ ಬೆಂಕಿಪೊಟ್ಟಣದಷ್ಟೇ ಇದೆ. ಎರಡು ಗುಂಡಿ, ಐದು ಸಾಲಿನಲ್ಲಿ ಐದೈದು ಕೆಂಪು ದೀಪ. ಅಲುಗಾಡಿಸಿದರೆ ಅದಕ್ಕೆ ಗೊತ್ತಾಗುತ್ತದೆ. ಆ 25 ದೀಪ ನೋಡಿದಾಗಲೆಲ್ಲ ನನಗೆ ಚೌಕಾಬಾರದ ಮನೆಗಳೇ ಕಾಣುತ್ತವೆ!

ಹಾಗಾಗಿ ಈ ಸಲ ಚೌಕಾಬಾರವನ್ನೇ ಕಟ್ಟೋಣ ಅಂದುಕೊಂಡೆವು. ಮೊದಲು ಕಂಪ್ಯೂಟರ್ ಮುಟ್ಟಲೇ ಇಲ್ಲ. ಸೀಮೆಸುಣ್ಣದಲ್ಲಿ ನೆಲದ ಮೇಲೆ ಮನೆ ಬರೆದು ಎರಡು ವಾರ ಸುಮ್ನೆ ಆಡಿದೆವು. ಎಷ್ಟು ಕವಡೆ ಅಂಗಾತ ಬಿದ್ದವೋ ಅಷ್ಟು ಮನೆ. ನಾಲ್ಕೂ ಬೋರಲಾದರೆ 8.

ಆಮೇಲೆ ಕೋಡ್. ಬೋರ್ಡು ಅಲುಗಾಡಿಸಿದರೆ 1, 2, 3, 4, 8ರಲ್ಲಿ ಯಾವುದಾದರೂ ಒಂದು ಬರಲಿ ಅಂತ ಮಕ್ಕಳು ಬರೆದರು. ನನಗೂ ಸರಿಯಾಗೇ ಕಂಡಿತು. ಹತ್ತು ನಿಮಿಷ ಆಡಿರಬೇಕು, ಒಬ್ಬಳು ಹುಡುಗಿ ಬೋರ್ಡು ಕೆಳಗಿಟ್ಟಳು. "ಇದರಲ್ಲಿ ಎಂಟು ಜಾಸ್ತಿ ಬರ್ತಿದೆ. ಕವಡೆಯಲ್ಲಿ ಹೀಗೆ ಬರ್ತಿರಲಿಲ್ಲ."

ಹೌದಲ್ವಾ! ಎಲ್ಲರೂ ನೆಲದ ಮೇಲೆ ಕವಡೆ ಜೋಡಿಸಿ ಎಣಿಸಿದೆವು. ನಾಲ್ಕು ಕವಡೆ ಬೀಳುವ ರೀತಿ ಒಟ್ಟು 16. ಎರಡು ಬರಲು 6 ದಾರಿ, ಒಂದಕ್ಕೂ ಮೂರಕ್ಕೂ 4-4, ನಾಲ್ಕಕ್ಕೆ ಒಂದೇ, ಎಂಟಕ್ಕೂ ಒಂದೇ. (ನಿಜವಾದ ಕವಡೆ ಎರಡೂ ಮಗ್ಗುಲಿಗೆ ಸಮನಾಗಿ ಬೀಳುವುದಿಲ್ಲ, ಆದರೂ ಲೆಕ್ಕದ ದಾರಿ ಇದೇ.) ನಮ್ಮ ಬೋರ್ಡು ಮಾತ್ರ ಐದು ಸಂಖ್ಯೆಗೂ ಸಮಪಾಲು ಹಂಚುತ್ತಿತ್ತು.

"ಹಾಗಾದ್ರೆ ಒಳಗೂ ನಾಲ್ಕು ಕವಡೆ ಇಡೋಣ" ಅಂದಳು ಅವಳೇ. ಸೊನ್ನೆ ಅಥವಾ ಒಂದು, ಹೀಗೆ ನಾಲ್ಕು ಸಲ ಹಾಕಿ ಕೂಡಿಸುವುದು. ಮೊತ್ತ ಸೊನ್ನೆ ಬಂದರೆ ಎಂಟು ಅಂತ ತೋರಿಸುವುದು. ಕೋಡ್ ಬದಲಾಯಿಸಲು ಐದು ನಿಮಿಷವೂ ಬೇಕಾಗಲಿಲ್ಲ. ನೆಲದ ಮೇಲೆ ಕೂತು ಆಡದೇ ಇದ್ದಿದ್ದರೆ ಈ ತಪ್ಪು ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ, ನನಗಂತೂ ಬಿದ್ದಿರಲಿಲ್ಲ. ಆ ಸಂಜೆ ಮನೆಗೆ ನಡೆದು ಬರುವಾಗ ನನ್ನ ಖುಷಿ ಹೇಳತೀರದು.

ಮುಂದಿನ ವಾರ ಕಾಯಿ ಕಡಿಯುವುದನ್ನು ಬರೆಯಬೇಕು. ಕಡಿದವರಿಗೆ ಇನ್ನೊಂದು ಆಟ ಸಿಗುತ್ತದಾ ಅಂತ ಮಕ್ಕಳು ಕೇಳಿದ್ದಾರೆ. ನಮ್ಮ ಮನೆಯಲ್ಲಿ ಸಿಗುತ್ತಿತ್ತು. ನಿಮ್ಮಲ್ಲಿ ಹೇಗೆ?